ಕಂಡಕ್ಟರ್ ಅಕ್ಕನ ಎರಡು ಸೀಟಿ

ಮನೆ ಕೊಂಡು ಆ ಓಣಿಗೆ ಹೋದ ಮೊದಲ ವಾರವೇ ನನ್ನ ಮರ್ಯಾದೆ ನಲ್ಲಿ ನೀರಿನ ಜೊತೆ ಹರಿದು ಚರಂಡಿ ಸೇರಿತು. ಇದು ಬರೆಯುವವನ ಅಲಂಕಾರವಲ್ಲ. ನಿಜವಾಗಿಯೂ ಹರಿಯಿತು, ಹೊಸಿಲು ದಾಟಿ, ಮೆಟ್ಟಿಲಿಳಿದು, ಎಲ್ಲರೂ ನೋಡುತ್ತಿದ್ದ ಹಾಗೆ.

ಅವತ್ತು ಒಂದು ವಾಚನಾಲಯದಲ್ಲಿ ನನ್ನ ಹಾಸ್ಯ ಭಾಷಣವಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಗರಿಗರಿ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹಾಕಿ, ಬೀಗ ಜಡಿದು ಮೆಟ್ಟಿಲು ಇಳಿದಿದ್ದೆನೋ ಇಲ್ಲವೋ, ಕಿವಿ ಸೀಳುವಂತೆ ಒಂದು ಸೀಟಿ ಕೇಳಿಸಿತು. ಪೊಲೀಸರೇ ಬಂದರೆಂದು ಎರಡೂ ಕೈ ಅರ್ಧ ಎತ್ತಿದೆ. ನೋಡಿದರೆ, ಪಕ್ಕದ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತ ಕೂತಿದ್ದ ದಪ್ಪನೆಯ ಹೆಂಗಸೊಬ್ಬರು ಕೊರಳಿನ ಸೀಟಿಯನ್ನು ಬಾಯಿಂದ ತೆಗೆಯುತ್ತಿದ್ದರು.

"ಹೇಳ್ದೇ ಹೋಗ್ತಿದೀರಲ್ಲ?"

"ಯಾರಿಗೆ ಹೇಳ್ಬೇಕು?"

"ಎದುರುಮನೆಗೆ. ಗ್ಯಾಸ್, ನಲ್ಲಿ, ಇಸ್ತ್ರಿ, ಬೀಗ. ಅವರು ರೈಟ್ ಅಂದ್ಮೇಲೆ ಹೊರಡೋದು. ಹೊಸಬ್ರು ಅಂತ ಇವತ್ತು ಫೈನ್ ಇಲ್ಲ."

ಎದುರುಮನೆಯ ಕಿಟಕಿಯಲ್ಲಿ ನಿವೃತ್ತ ಹೆಡ್‌ಮಾಸ್ಟರು ಪೇಪರು ಮಡಿಸಿ, ಪಾಠ ಒಪ್ಪಿಸಿಕೊಳ್ಳುವ ಮುಖ ಮಾಡಿಕೊಂಡು ನಿಂತಿದ್ದರು. ವೇದಿಕೆ ಸಿಕ್ಕರೆ ಬಿಡುವ ಜನ್ಮ ನನ್ನದಲ್ಲ. ಗಂಟಲು ಸರಿಮಾಡಿಕೊಂಡು "ಗ್ಯಾಸ್ ಬಂದ್!" ಎಂದೆ. "ನಲ್ಲಿ ಬಂದ್!" ಎಂದೆ, ಕೈಯನ್ನೂ ಎತ್ತಿ. ಹೆಡ್‌ಮಾಸ್ಟರು ರೈಟ್ ಅನ್ನಲು ಬಾಯಿ ತೆರೆದವರು ಹಾಗೇ ನಿಂತು ನನ್ನ ಬೂಟಿನ ಕಡೆ ನೋಡತೊಡಗಿದರು. ನಾನೂ ನೋಡಿದೆ. ಬಾಗಿಲ ಸಂದಿಯಿಂದ ನೀರು ಬರುತ್ತಿತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ನೀರಿರಲಿಲ್ಲ. ತಿರುಗಿಸಿದ್ದನ್ನು ಹಾಗೇ ಬಿಟ್ಟಿದ್ದೆ. ಸಿಂಕಿನ ಬಾಯಿಗೆ ನನ್ನದೇ ಟವೆಲ್ಲು ಬಿದ್ದಿತ್ತು.

"ಹೋಲ್ಡಾನ್," ಎಂದರು ಆ ಹೆಂಗಸು.

ಓಣಿಯ ಅರ್ಧ ಜನ ನಮ್ಮ ಮನೆ ಒರೆಸಿದರು. ಆ ಹೆಂಗಸಿನ ಎದುರುಮನೆಯ ಟೈಲರಣ್ಣ ತಮ್ಮ ಅಂಗಡಿಯ ಚಿಂದಿ ಮೂಟೆಯನ್ನೇ ತಂದು ನೆಲಕ್ಕೆ ಸುರಿದರು. ನನ್ನ ಪ್ಯಾಂಟು ಮೊಣಕಾಲವರೆಗೆ ತೊಯ್ದಿದ್ದನ್ನು ನೋಡಿ, ಯಾರದೋ ಅಳತೆಗೆ ಹೊಲಿದಿಟ್ಟಿದ್ದ ಹೊಸ ಪ್ಯಾಂಟೊಂದನ್ನು ಕೊಟ್ಟರು.

"ಹಾಕ್ಕೊಂಡು ಹೋಗಿ ಬನ್ನಿ ಸಾರ್. ಕೂತ್ಕೋಬೇಡಿ, ಅಷ್ಟೇ."

ನಿಂತೇ ಹೋದೆ, ನಿಂತೇ ಮಾತಾಡಿದೆ, ನಿಂತೇ ಬಂದೆ. ಅಷ್ಟು ಚುಟುಕಾಗಿ ನಾನು ಯಾವತ್ತೂ ಭಾಷಣ ಮಾಡಿರಲಿಲ್ಲವೆಂದು ವಾಚನಾಲಯದವರು ಈಗಲೂ ಹೊಗಳುತ್ತಾರೆ.

ಸೀಟಿ ಊದಿದವರನ್ನು ಎಲ್ಲರೂ ಕಂಡಕ್ಟರ್ ಅಕ್ಕ ಅನ್ನುತ್ತಿದ್ದರು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದರೂ ಮೈಯಿಂದ ಆಗಿರಲಿಲ್ಲ. ನಡೆಯುವಾಗ ಎರಡೂ ಕಾಲು ಅಗಲಿಸಿ ಇಡುತ್ತಿದ್ದರು, ಓಣಿ ಯಾವಾಗ ಬ್ರೇಕ್ ಹಾಕುತ್ತದೋ ಎಂಬಂತೆ. ನಾಲ್ಕು ಜನ ಬಾಗಿಲಲ್ಲಿ ನಿಂತು ಹರಟುವುದು ಕಂಡರೆ "ಒಳಗೆ ಹೋಗ್ರಿ, ಒಳಗೆ ಜಾಗ ಇದೆ" ಅನ್ನುವುದು ಅವರ ಬಾಯಿಗೆ ತಾನಾಗಿ ಬರುತ್ತಿತ್ತು. ಅವರ ಗಂಡ ಅದೇ ಬಸ್ಸಿನ ಡ್ರೈವರ್ ಆಗಿದ್ದವರು. "ನಮ್ಮ ಸಂಸಾರ ಹೇಗೆ ನಡೀತು ಅಂತೀರಾ? ಅವರು ಓಡಿಸೋರು, ನಾನು ಊದೋಳು. ಹಿಂದೆ ತಿರುಗಿ ನೋಡಿದೋರೇ ಅಲ್ಲ ಮನುಷ್ಯ, ನನ್ನ ಸೀಟಿ ಮೇಲೆ ಅಷ್ಟು ನಂಬಿಕೆ," ಎಂದು ಅಕ್ಕ ಹೇಳಿಕೊಳ್ಳುತ್ತಿದ್ದರು. ಡ್ರೈವರ್ ಭಾವ ಈಗ ಹಗಲೆಲ್ಲ ಒರಗು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು. ಆದರೆ ಹೊರಗೆ ಎರಡು ಸೀಟಿ ಕೇಳಿಸಿದರೆ ನಿದ್ದೆಯಲ್ಲೇ ಅವರ ಬಲಗಾಲು ಮೆಲ್ಲಗೆ ಕೆಳಗೆ ಒತ್ತುತ್ತಿತ್ತು. ಒಂದು ಸೀಟಿಗೆ ಎತ್ತಿಕೊಳ್ಳುತ್ತಿತ್ತು. ಅದನ್ನು ನೋಡಲೆಂದೇ ನಾನು ಎಷ್ಟೋ ಸಲ ಅವರ ಮನೆಗೆ ಚಹಾ ಕುಡಿಯಲು ಹೋಗಿದ್ದೇನೆ.

ಈ ಸೀಟಿ ಓಣಿಗೆ ಬಂದದ್ದು ವಿಮೆಯ ದೆಸೆಯಿಂದ. ನಮ್ಮ ಮನೆಗಳು ಒಂದರ ಗೋಡೆಗೆ ಇನ್ನೊಂದು ಆತುಕೊಂಡು ನಿಂತವು. ಒಬ್ಬರ ಮನೆಯ ಮೊಳೆ ಇನ್ನೊಬ್ಬರ ಮನೆಯ ಗೋಡೆಯಲ್ಲಿ ಇಣುಕುತ್ತದೆ. ಅಂಥ ಕಡೆ ಒಂದು ವರ್ಷ ಒಬ್ಬರ ಮನೆಯ ಒಲೆ ಹೊತ್ತಿತು, ಇನ್ನೊಬ್ಬರ ಪೈಪು ಒಡೆಯಿತು, ಮೂಲೆಮನೆಗೆ ಕಳ್ಳ ನುಗ್ಗಿದ. ಮುಂದಿನ ವರ್ಷ ಎಲ್ಲರ ವಿಮೆ ಕಂತೂ ದಡಕ್ಕನೆ ಮೇಲೇರಿತು; ಏನೂ ಆಗದವರದು ಕೂಡ. ಹೆಡ್‌ಮಾಸ್ಟರ ಜಗಲಿಯಲ್ಲಿ ಸಭೆ ಸೇರಿ, ವಿಮೆ ಕಚೇರಿಯ ಸಾಹೇಬರನ್ನು ಕರೆಸಿದರು. ಅವರು ಬಂದು, "ಇಡೀ ಓಣಿ ಒಟ್ಟಿಗೆ ಒಂದು ಪಾಲಿಸಿ ಮಾಡಿ. ಅಪಾಯ ಕಡಿಮೆ ಮಾಡ್ಕೊಳ್ಳಿ. ಮೂರು ವರ್ಷ ಕ್ಲೇಮ್ ಇಲ್ದೆ ನಡೆದ್ರೆ ಒಳ್ಳೆ ರಿಯಾಯಿತಿ ಕೊಡಿಸ್ತೀನಿ," ಎಂದು ಹೇಳಿ ಹೋದರು.

ಅಪಾಯ ಕಡಿಮೆ ಮಾಡುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಅವರಿಗಿತ್ತು. ಮನೆಮನೆಗೆ ನುಗ್ಗಿ ಬಿರುಕುಬಿಟ್ಟ ಗ್ಯಾಸ್ ಪೈಪುಗಳನ್ನು ಕಿತ್ತು ಹೊಸದು ಹಾಕಿಸಿದರು. ಒಂದೇ ಪ್ಲಗ್ಗಿಗೆ ಜೋತುಬಿದ್ದ ವೈರುಗಳ ಗೊಂಚಲನ್ನು ಬಿಡಿಸಿದರು. ಮಳೆಗೆ ಮುಂಚೆ ಚರಂಡಿಯ ಬಾಯಿ ತೆಗೆಸಿದರು, ಓಣಿಯ ಕೊನೆಗೆ ದೀಪ ಹಾಕಿಸಿದರು. ಪ್ರತಿ ಮನೆಯೆದುರು ಮರಳಿನ ಬಕೆಟ್ಟು ಇಡಿಸಿದರು. ಇದಕ್ಕಾಗಿ ಓಣಿಯ ಬೆಕ್ಕುಗಳು ಅವರಿಗೆ ಚಿರಋಣಿಯಾದವು.

ಇದೆಲ್ಲದರ ಮೇಲೆ ಕಳಸವಿಟ್ಟ ಹಾಗೆ ಈ ಕೂಗು. ಹೊರಡುವವರು ಎದುರುಮನೆಗೆ ಕೇಳುವಂತೆ ನಾಲ್ಕನ್ನೂ ಹೇಳಬೇಕು. ಎದುರುಮನೆಯವರು ಕೇಳಿಸಿಕೊಂಡು "ರೈಟ್" ಅನ್ನಬೇಕು. ಒಂದನ್ನು ಬಿಟ್ಟರೆ "ಹೋಲ್ಡಾನ್". ಅಕ್ಕ ಮಾತ್ರ ಬಾಯಲ್ಲಿ ಅನ್ನುತ್ತಿರಲಿಲ್ಲ, ಸೀಟಿ ಊದುತ್ತಿದ್ದರು: ನಿಲ್ಲಲು ಒಂದು, ಹೊರಡಲು ಎರಡು. ಮನೆಯಲ್ಲಿ ಯಾರಾದರೂ ಇದ್ದರೂ ಕೂಗಲೇಬೇಕೆಂದು ನಿಯಮ. "ಮಲಗಿರೋ ಗಂಡಸರಿದ್ರೆ ಮನೆ ಖಾಲಿ ಇದ್ದ ಹಾಗೇ ಲೆಕ್ಕ," ಎನ್ನುತ್ತಿದ್ದರು. ಅವರದೇ ಕೂಗು "ಗ್ಯಾಸ್! ನಲ್ಲಿ! ಇಸ್ತ್ರಿ! ಡ್ರೈವರ್!" ಎಂದು ಮುಗಿಯುತ್ತಿತ್ತು.

ನಗಬೇಡಿ. ಆ ಕೂಗಿನಿಂದ ಓಣಿಯಲ್ಲಿ ಮಾತು ಬಿಟ್ಟವರು ಮಾತಾಡಿದರು. ಎದುರುಮನೆಯವರ ಮುಖ ನೋಡಲಾರೆನೆಂದು ಶಪಥ ಮಾಡಿದವರೂ "ರೈಟ್" ಇಲ್ಲದೆ ತರಕಾರಿ ತರಲು ಹೋಗುವ ಹಾಗಿರಲಿಲ್ಲ. ಹೆಡ್‌ಮಾಸ್ಟರಂತೂ ನನ್ನ ಉಚ್ಚಾರಣೆ ತಿದ್ದದೆ ಒಂದು ದಿನವೂ ನನ್ನನ್ನು ಹೊರಗೆ ಬಿಟ್ಟವರಲ್ಲ.

ಎಲ್ಲ ಜೋಡಿಗಳಲ್ಲಿ ಕಳೆಗಟ್ಟುತ್ತಿದ್ದದ್ದು ಅಕ್ಕ ಮತ್ತು ಟೈಲರಣ್ಣನ ಜೋಡಿ. ಟೈಲರಣ್ಣನ ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ನೇತುಹಾಕಿದ ಊರಿನವರ ಬಟ್ಟೆ. ಹೆಂಡತಿ ಇಲ್ಲ, ಮಗಳು ಮದುವೆಯಾಗಿ ದೂರವಿದ್ದಳು. ಅಕ್ಕನ ಯೂನಿಫಾರ್ಮನ್ನು ಅಷ್ಟು ವರ್ಷವೂ ಹೊಲಿದವರು ಅವರೇ. ಬಟನ್ ಹಾಕಿಸಲು, ಅಳತೆ ತೆಗೆಯಲು ಹೊರಗೆ ಹೊರಟರೆಂದರೆ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದರು:

"ಗ್ಯಾಸ್! ನಲ್ಲಿ! ಇಸ್ತ್ರಿ! ಬೀಗ! ಟಿಕೆಟ್ ಕೊಡಿ ಅಕ್ಕಾ!"

"ಚಿಲ್ಲರೆ ಇಟ್ಕೊಳ್ರೀ!" ಎಂದು ಅಕ್ಕ ಎರಡು ಸಲ ಊದುತ್ತಿದ್ದರು.

ದಿನವೂ ಅದೇ ಜೋಕು. ದಿನವೂ ಇಬ್ಬರೂ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. ಇಷ್ಟು ಹಳಸಿದ ಜೋಕನ್ನು ನಾನು ವೇದಿಕೆಯಲ್ಲಿ ಹೇಳಿದ್ದರೆ ಜನ ಕುರ್ಚಿ ಎಸೆಯುತ್ತಿದ್ದರು ಎಂದು ಹೆಂಡತಿಗೆ ಹೇಳಿದೆ. "ಅವರು ನಗೋದು ಜೋಕಿಗಲ್ಲ ರೀ," ಎಂದಳು.

ಮೊದಲ ವರ್ಷ ಕ್ಲೇಮ್ ಇಲ್ಲದೆ ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯ ವರ್ಷ ಮುಗಿಯಲು ಬಂದಾಗ ಓಣಿಯಲ್ಲಿ ಎಲ್ಲರಿಗೂ ಒಂಥರಾ ಬಿಗುಮಾನ. ಪಕ್ಕದ ಬೀದಿಯವರು ಸಿಕ್ಕರೆ "ನಿಮ್ಮಲ್ಲಿ ಈ ವರ್ಷ ಎಷ್ಟಾಯ್ತು?" ಎಂದು ಕೇಳಿ, ಉತ್ತರ ಬರುವ ಮುಂಚೆಯೇ "ನಮ್ಮಲ್ಲಿ ಒಂದೂ ಇಲ್ಲ" ಅನ್ನುತ್ತಿದ್ದೆವು. ಹುಷಾರಾಗಿರುವುದು ನಮಗೆ ಪೂರ್ತಿ ರೂಢಿಯಾಗಿತ್ತು. ಕಷ್ಟ ಬಂದದ್ದು ಆ ರೂಢಿಯಿಂದಲೇ.

ಅವತ್ತು ಟೈಲರಣ್ಣನಿಗೆ ಅವಸರ. ಯಾರೋ ಮದುವೆ ಗಂಡು ಕೋಟಿನ ಟ್ರಯಲ್ಲಿಗೆ ಮನೆಗೇ ಕರೆದಿದ್ದ. ಇಸ್ತ್ರಿ ಮಾಡಿದ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿ, ಬಾಗಿಲೆಳೆದುಕೊಂಡು ಹೊರಗೆ ಬಂದರು. ಅಕ್ಕ ಎಂದಿನಂತೆ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದರು. ಪಕ್ಕದಲ್ಲಿ ನನ್ನ ಹೆಂಡತಿಯೂ ಇದ್ದಳು. ಟೈಲರಣ್ಣ ಕೂಗಿದರು. ಅಕ್ಕ ತಲೆಯೆತ್ತದೆ "ಚಿಲ್ಲರೆ ಇಟ್ಕೊಳ್ರೀ" ಎಂದು ಎರಡು ಊದಿದರು. ಅವರು ಹೊರಟುಹೋದರು. ಅಕ್ಕ ಬಟಾಣಿ ಎತ್ತಿಕೊಂಡು ಅಡಿಗೆಗೆ ಒಳಗೆ ಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಕಿಟಕಿಯಿಂದ ಹೊಗೆ ಬಂತು. ನನ್ನ ಹೆಂಡತಿ ಮೊದಲು ಕಂಡು ಕಿರುಚಿದಳು. ಅಕ್ಕ ಈಚೆ ಓಡಿಬಂದು, ಎದೆಯಲ್ಲಿದ್ದ ಉಸಿರೆಲ್ಲ ತುಂಬಿ ಒಂದೇ ಒಂದು ಉದ್ದ ಸೀಟಿ ಊದಿದರು. ಒಂದು ಸೀಟಿ ಅಂದರೆ ನಿಲ್ಲು ಎಂದಲ್ಲವೇ? ಬಾಗಿಲಿಗೆ ಬಂದಿದ್ದ ನಾವೆಲ್ಲ ನಿಂತಲ್ಲೇ ನಿಂತೆವು. ಹೆಡ್‌ಮಾಸ್ಟರು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಗಾಳಿಯಲ್ಲಿ.

"ಯಾಕ್ರೀ ನಿಂತ್ಕೊಂಡ್ರಿ, ಮರಳು ತನ್ರೀ!"

ಮರಳು, ಬೆಕ್ಕುಗಳು ಅದಕ್ಕೆ ಸೇರಿಸಿದ್ದ ಸಕಲವನ್ನೂ ಒಳಗೊಂಡು, ಕಿಟಕಿಯಿಂದ ಬೆಂಕಿಯ ಮೇಲೆ ಬಿತ್ತು. ಬೆಂಕಿ ಗೋಡೆ ದಾಟಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಆಮೇಲೆ ಒಳಗೆ ಇಣುಕಿದೆವು. ಯಂತ್ರದ ಮರದ ಹಲಗೆ ಸುಟ್ಟು ಕಬ್ಬಿಣದ ತಲೆ ಓರೆಯಾಗಿ ನೆಲಕ್ಕೆ ಬಿದ್ದಿತ್ತು. ಗೋಡೆಯಲ್ಲಿ ಬಟ್ಟೆಗಳಿರಲಿಲ್ಲ, ಹ್ಯಾಂಗರಿನ ತಂತಿಗಳು ಮಾತ್ರ ಸಾಲಾಗಿ ನೇತಾಡುತ್ತಿದ್ದವು. ಮೇಜಿದ್ದ ಜಾಗದಲ್ಲಿ ಇಸ್ತ್ರಿಪೆಟ್ಟಿಗೆ ಅಂಗಾತ ಬಿದ್ದಿತ್ತು. ಅದರ ವೈರು ಪ್ಲಗ್ಗಿನಲ್ಲೇ ಇತ್ತು.

ಟೈಲರಣ್ಣ ಬಂದು ಬಾಗಿಲಲ್ಲಿ ನಿಂತರು. ಟ್ರಯಲ್ಲಿಗೆ ಒಯ್ದಿದ್ದ ಕೋಟೊಂದು ಅವರ ತೋಳಿನ ಮೇಲೆ ಉಳಿದಿತ್ತು. ಅದನ್ನು ಎಲ್ಲಿ ನೇತುಹಾಕಲಿ ಎಂದು ಅವರು ಗೋಡೆಯನ್ನು ಹುಡುಕುವುದು ನನಗೆ ಕಾಣಿಸಿತು.

ಸಂಜೆ ಹೆಡ್‌ಮಾಸ್ಟರ ಜಗಲಿಯಲ್ಲಿ ಮತ್ತೆ ಸಭೆ. ಮನೆಗೂ ಅಂಗಡಿ ಸಾಮಾನಿಗೂ ಸೇರಿಯೇ ಪಾಲಿಸಿ ಇತ್ತು. ಟೈಲರಣ್ಣ ಕ್ಲೇಮ್ ಹಾಕಿದರೆ ಸಿಗುತ್ತಿತ್ತು. ಹಾಕಿದರೆ ಓಣಿಯ ಮೂರು ವರ್ಷದ ಕಷ್ಟ ಹೊಳೆಗೆ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೆಡ್‌ಮಾಸ್ಟರು ಪೀಠಿಕೆ ಹಾಕಿದರು: "ಇದು ಓಣಿಯ ಮಾನದ ಪ್ರಶ್ನೆ. ಹಾಗಂತ ನಾವೇನೂ ಒತ್ತಾಯ ಮಾಡ್ತಿಲ್ಲ. ತೀರ್ಮಾನ ಅವರಿಗೇ ಬಿಟ್ಟಿದ್ದು. ಆದರೂ..." ಆ "ಆದರೂ" ಮುಗಿಯಲಿಲ್ಲ. ಎಲ್ಲರೂ ಕಂಡಕ್ಟರ್ ಅಕ್ಕನ ಕಡೆ ನೋಡಿದರು.

ಅಕ್ಕ ಬಹಳ ಹೊತ್ತು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಕೊನೆಗೆ ಟೈಲರಣ್ಣನ ಮುಖ ನೋಡದೆ ಹೇಳಿದರು:

"ಇನ್ನೇನು ವರ್ಷ ಮುಗೀತಾ ಬಂತು ಅಣ್ಣಾ. ಇದೊಂದು ಸಲ ತಡ್ಕೊಳ್ಳೋಕಾಗುತ್ತಾ? ನಾವೆಲ್ಲ ಇದೀವಿ. ಎಲ್ಲರೂ ಸೇರಿ ನಿಮ್ಮ ಅಂಗಡಿ ನಿಲ್ಲಿಸ್ತೀವಿ."

"ಆಗ್ಲಿ ಅಕ್ಕ," ಎಂದರು ಟೈಲರಣ್ಣ. "ನೀವು ಹೇಳಿದ್ಮೇಲೆ ಇನ್ನೇನು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರು ತಮ್ಮ ಅತ್ತೆಯ ಹಳೆ ಯಂತ್ರ ಕೊಡುತ್ತೇನೆಂದರು. ಒಬ್ಬರು ಮೇಜು ಮಾಡಿಸುತ್ತೇನೆಂದರು. ನಾನು ಬಣ್ಣ ನನ್ನದೆಂದು ಘೋಷಿಸಿ, ಮರುದಿನವೇ ನಮ್ಮ ಬಚ್ಚಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದ ಡಬ್ಬಿ ಒಯ್ದುಕೊಟ್ಟೆ. ಅದರಲ್ಲಿ ಅರ್ಧ ಗೋಡೆಗಷ್ಟೇ ಆಯಿತು. ಅತ್ತೆಯ ಯಂತ್ರ ಅತ್ತೆಗೇ ಬೇಕಾಯಿತು. ಮೇಜಿನವರು ಬಡಗಿ ಸಿಗುತ್ತಿಲ್ಲ ಎನ್ನುತ್ತಿದ್ದರು; ಆಮೇಲೆ ಅವರೇ ಸಿಗದಾದರು. ಅಕ್ಕ ಒಬ್ಬರೇ ದಿನವೂ ಹೋಗಿ ಹೊಗೆ ಹಿಡಿದ ಗೋಡೆ ಉಜ್ಜುತ್ತಿದ್ದರು. ಬಟ್ಟೆ ಸುಟ್ಟುಕೊಂಡ ಊರಿನವರಿಗೆ ಟೈಲರಣ್ಣ ತಾವೇ ಸಮಾಧಾನ ಹೇಳಿ, ತಮ್ಮಲ್ಲಿದ್ದದ್ದನ್ನೆಲ್ಲ ಕೊಟ್ಟು ತೀರಿಸಿದರು. ಆಮೇಲೊಂದು ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ, ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಸೇರಿ, ಅಲ್ಲೇ ಒಂದು ಕೋಣೆ ಹಿಡಿದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು ಕೂಗಲಿಲ್ಲ. ಕೂಗಲು ಒಳಗೆ ಗ್ಯಾಸ್ ಇರಲಿಲ್ಲ, ಇಸ್ತ್ರಿ ಇರಲಿಲ್ಲ.

ವರ್ಷ ಮುಗಿಯಿತು. ವಿಮೆ ಸಾಹೇಬರು ಬಂದರು. ರಿಯಾಯಿತಿ ಕೊಟ್ಟದ್ದಲ್ಲದೆ, ಓಣಿಯ ಬಾಯಿಗೆ "ಸುರಕ್ಷಿತ ಓಣಿ" ಎಂಬ ನೀಲಿ ಫಲಕವನ್ನೂ ತಂದಿದ್ದರು. ಹೆಡ್‌ಮಾಸ್ಟರು ಭಾಷಣ ಮಾಡಿದರು. ಸಾಹೇಬರು ಚಹಾ ಕುಡಿಯುತ್ತ, ಮಾತಿಗೆ ಮಾತು ಬಂದು, "ಮೂರು ವರ್ಷ ಒಂದೂ ಕ್ಲೇಮಿಲ್ಲ ಅಂದ್ರೆ ನಮ್ಮ ಆಫೀಸಲ್ಲೇ ಆಶ್ಚರ್ಯ ಪಟ್ರು. ಎಲ್ಲಾ ಕಡೆ ಒಂದಾದ್ರೂ ಇರುತ್ತೆ," ಎಂದರು.

"ಒಂದಿದ್ದಿದ್ರೆ?" ಎಂದರು ಅಕ್ಕ.

"ಒಂದಕ್ಕೇನಮ್ಮ? ಪೈಪು, ವೈರು, ಮರಳು, ಇಷ್ಟೆಲ್ಲ ಮಾಡಿದೀರಿ. ಹತ್ತಿದ್ದು ಒಂದು ಕೋಣೇಲೇ ಆರಿದ್ರೆ ಅದೂ ನಿಮ್ಮ ಕಡೆಗೇ ಒಂದು ಸಾಕ್ಷಿ. ರಿಯಾಯಿತಿ ಒಂಚೂರು ಇಳಿಯೋದು, ಅಷ್ಟೇ. ಪೂರ್ತಿ ಹೋಗ್ತಿರಲಿಲ್ಲ."

"ಇದನ್ನ ನೀವು ಅವತ್ತು ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ," ಎಂದರು ಸಾಹೇಬರು, ಬಿಸ್ಕತ್ತು ಮುರಿಯುತ್ತ. ಅವರ ತಪ್ಪೇನೂ ಇರಲಿಲ್ಲ.

"ಹಳೇದಕ್ಕೆ ಈಗ ಹಾಕಬಹುದಾ?"

"ಗಡುವು ಮುಗಿದ್ರೆ ಮುಗೀತಮ್ಮ. ಯಾಕೆ, ಏನಾದ್ರೂ ಆಗಿತ್ತಾ?"

ನಾವೆಲ್ಲ ನೀಲಿ ಫಲಕದ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ನೋಡಿದೆವು. "ಇಲ್ಲ ಇಲ್ಲ, ಸುಮ್ನೆ ಕೇಳಿದ್ರು," ಎಂದರು ಹೆಡ್‌ಮಾಸ್ಟರು. ಅಕ್ಕ ಚಹಾದ ಲೋಟ ಇಟ್ಟು ಎದ್ದುಹೋದರು. ಆ ರಿಯಾಯಿತಿಯಿಂದ ನನ್ನ ಮನೆಗೆ ಏನು ಉಳಿಯಿತು, ಉಳಿದದ್ದು ಯಾವುದಕ್ಕೆ ಖರ್ಚಾಯಿತು ಎಂದು ಯಾರಾದರೂ ಕೇಳಿದರೆ ನನಗೆ ನೆನಪಿಲ್ಲ. ಯಾರಿಗೂ ನೆನಪಿಲ್ಲ.

ಅದಾದ ಮೇಲೆ ಒಂದು ದಿನ ಅಕ್ಕ ನಮ್ಮ ಬಾಗಿಲಿಗೆ ಬಂದು, "ನಿಮ್ಮ ಸ್ಕೂಟರಲ್ಲಿ ಆ ಕಾರ್ಖಾನೆ ತನಕ ಬಿಡ್ತೀರಾ?" ಎಂದರು. ದಾರಿಯುದ್ದಕ್ಕೂ ತಿರುವು ಬಂದಾಗ ಹಿಂದಿನಿಂದ ಬಲಗೈ ಹೊರಚಾಚುತ್ತಿದ್ದರು.

ಕಾರ್ಖಾನೆಯ ಗೇಟಿನ ಒಳಗೆ ತಗಡಿನ ಚಾವಣಿಯ ಕ್ಯಾಂಟೀನು. ಊಟದ ಬಿಡುವಿನಲ್ಲಿ ಟೈಲರಣ್ಣ ಬಂದರು. ಕಾಲರಿಗೆ ನೂಲಿನ ತುಣುಕುಗಳು ಅಂಟಿದ್ದವು. ಸ್ವಲ್ಪ ಬಡವಾಗಿದ್ದರು, ನಗು ಹಾಗೇ ಇತ್ತು.

"ಏನು ಹೊಲಿತೀರಿ ಅಣ್ಣಾ ಇಲ್ಲಿ?" ಎಂದೆ.

"ಬರೀ ಕಾಲರು ಸಾರ್. ತೋಳು ಆ ಕಡೆ ಸಾಲಲ್ಲಿ, ಗುಂಡಿ ಈ ಕಡೆ ಸಾಲಲ್ಲಿ. ಬೆಳಿಗ್ಗೆಯಿಂದ ಸಂಜೆವರೆಗೂ ಕುತ್ತಿಗೆ. ಮೈ ಎಲ್ಲಿರುತ್ತೋ ನನಗೆ ಗೊತ್ತಿಲ್ಲ. ಅಳತೆ ಕೊಡೋಕೂ ಒಬ್ಬ ಮನುಷ್ಯ ಬರಲ್ಲ."

ಅಕ್ಕ ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಾಡಿಸುತ್ತ ಹೇಳಿದರು:

"ಅವತ್ತು ನೀವು ಇಸ್ತ್ರಿ ಅಂದಿರ್ಲಿಲ್ಲ. ಗ್ಯಾಸ್, ನಲ್ಲಿ, ಬೀಗ, ಟಿಕೆಟ್ ಕೊಡಿ ಅಕ್ಕ ಅಂದ್ರಿ. ಬಾಯಲ್ಲಿ ಬೀಗದ ಕೈ ಇತ್ತು. ನನಗೆ ಟಿಕೆಟ್ ಅಂದದ್ದು ಒಂದೇ ಕೇಳಿಸ್ತು. ಊದಿದೆ. ಪಕ್ಕದಲ್ಲಿ ಕೂತಿದ್ದ ಇವರ ಹೆಂಡತಿ ಆಮೇಲೆ ಹೇಳಿದ್ರು. ಸಭೆಗೆ ಬರೋ ಮುಂಚೇನೇ ಹೇಳಿದ್ರು. ತಿಳ್ಕೊಂಡೂ ನಿಮ್ಮನ್ನ ತಡ್ಕೊಳ್ಳಿ ಅಂದೆ."

ನನಗೆ ಇದು ಹೊಸದು. ನನ್ನ ಹೆಂಡತಿ ನನಗೂ ಹೇಳಿರಲಿಲ್ಲ.

ಟೈಲರಣ್ಣ ಕಾಲರಿಗೆ ಅಂಟಿದ್ದ ನೂಲೊಂದನ್ನು ಕಿತ್ತು ತೆಗೆದರು.

"ಅನ್ಲಿಲ್ಲ ಅಂತ ನನಗೂ ಅನುಮಾನ ಬಂತು ಅಕ್ಕ. ಓಣಿ ತಿರುವಲ್ಲೇ ಬಂತು. ವಾಪಸ್ ಬಂದು ನೋಡೋಣ ಅಂತ ತಿರುಗಿದೆ ಕೂಡ. ಆಮೇಲೆ, ಅಕ್ಕ ಎರಡು ಊದಿದಾರಲ್ಲ, ಹಾಗಾದ್ರೆ ನಾನು ಅಂದಿರ್ಬೇಕು ಅಂದ್ಕೊಂಡೆ. ಮುಂದೆ ಹೋದೆ."

ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡು ನನ್ನ ಕಡೆ ನೋಡಿದರು. ಕ್ಲೇಮಿನ ಗಡುವು ಮುಗಿದಿದೆ, ಹಾಕಿದ್ದರೆ ರಿಯಾಯಿತಿಯೂ ಪೂರ್ತಿ ಹೋಗುತ್ತಿರಲಿಲ್ಲ ಎಂಬುದನ್ನು ನಾನೇ ಹೇಳಬೇಕಾಯಿತು. ಇಂಥ ಸುದ್ದಿ ಹೇಳುವಾಗ ಹಾಸ್ಯಗಾರನಿಗೆ ಯಾವ ಮುಖವೂ ಹೊಂದುವುದಿಲ್ಲ.

"ಓ," ಎಂದರು ಟೈಲರಣ್ಣ. ಆಮೇಲೆ, "ಹೋಗ್ಲಿ ಬಿಡಿ. ಭಾವ ಹೇಗಿದಾರೆ?"

"ಮನೆಗೆ ಬನ್ನಿ ಅಣ್ಣಾ. ಯಂತ್ರ ನಾನು ಕೊಡಿಸ್ತೀನಿ. ರಿಟೈರಾದಾಗ ನನಗೆ ಬಂದದ್ದು ಇದೆ ಸ್ವಲ್ಪ."

"ಯಂತ್ರ ಸಿಗುತ್ತೆ ಅಕ್ಕ. ಗಿರಾಕಿಗಳು ಬೇರೆ ಕಡೆ ರೂಢಿ ಆಗ್ಬಿಟ್ರು. ಈ ವಯಸ್ಸಲ್ಲಿ ಮತ್ತೆ ಎಲ್ಲಿ ಬೋರ್ಡು ಬರೆಸ್ಲಿ?" ಎಂದರು. ಹೇಳುವಾಗ ಒಂದಿಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಗಂಟೆ ಹೊಡೆಯಿತು. ಎಲ್ಲರೂ ಎದ್ದು ಒಳಗೆ ನುಗ್ಗತೊಡಗಿದರು. ಟೈಲರಣ್ಣ ಬಾಗಿಲ ಹತ್ತಿರ ತಿರುಗಿ, ಹಳೆಯ ಧ್ವನಿಯಲ್ಲೇ "ಟಿಕೆಟ್ ಕೊಡಿ ಅಕ್ಕಾ!" ಎಂದರು. ಅಕ್ಕನ ಕೈ, ಚೀಲ ನೇತಾಡುತ್ತಿದ್ದ ಹಳೆಯ ಜಾಗಕ್ಕೆ, ಸೊಂಟದ ಪಕ್ಕಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ ಎಂದು ಅವರು ಹೇಳುವಷ್ಟರಲ್ಲಿ ಟೈಲರಣ್ಣ ಜನರ ನಡುವೆ ಕರಗಿಹೋಗಿದ್ದರು.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ, ನನಗೆ ಯಾಕೆ ಹೇಳಲಿಲ್ಲವೆಂದು. "ನಿಮಗೆ ಹೇಳಿದ್ರೆ ಬರೀತೀರಿ," ಎಂದಳು. ಬರೆದಿದ್ದೇನೆ. ಈಗ ಅವಳೇ ಬರೆಯಲು ಹೇಳಿದಳು.

ಅವತ್ತಿನಿಂದ ಅಕ್ಕನ ಕೊರಳಲ್ಲಿ ಸೀಟಿ ಕಾಣಲಿಲ್ಲ. ಓಣಿಯಲ್ಲಿ ಕೂಗು ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಕೆಲವರು ತಲೆಯಾಡಿಸಿ ಹೋಗುತ್ತಿದ್ದರು, ಆಮೇಲೆ ಅದೂ ನಿಂತಿತು. ಹೊಸದಾಗಿ ಬಂದವರು ತಮ್ಮ ಮನೆಗಳಲ್ಲಿ, ಹೊಗೆ ಕಂಡರೆ ಕಿರುಚುವ ಪುಟ್ಟ ಯಂತ್ರಗಳನ್ನು ಹಾಕಿಸಿಕೊಂಡರು. ಅವು ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುವುದರಿಂದ ಈಗ ಯಾರೂ ತಿರುಗಿ ನೋಡುವುದಿಲ್ಲ. ನೀಲಿ ಫಲಕದ ಮೇಲೆ ಯಾರೋ ಮನೆ ಬಾಡಿಗೆಗಿದೆ ಎಂಬ ಚೀಟಿ ಅಂಟಿಸಿದ್ದಾರೆ. ಕಂತು ಹೊಸ ಕಾರಣಕ್ಕೆ ಮತ್ತೆ ಏರಿದೆ. ನಾನು ಹೋದಾಗಲೆಲ್ಲ ಡ್ರೈವರ್ ಭಾವನ ಕಾಲನ್ನು ನೋಡುತ್ತೇನೆ. ಅದು ಅಲುಗುವುದಿಲ್ಲ.

ಅಕ್ಕ ಮಾತ್ರ ತಮ್ಮ ಕೂಗು ಬಿಟ್ಟಿಲ್ಲ. ಹೊರಗೆ ಕೆಲಸವಿದ್ದ ದಿನ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತು, ಬೀಗ ಹಾಕಿದ ಎದುರುಮನೆಯ ಕಡೆ ಮುಖ ಮಾಡಿ, ಒಂದನ್ನೂ ನುಂಗದೆ ಬಿಡಿಬಿಡಿಯಾಗಿ ಹೇಳುತ್ತಾರೆ. ಮೊನ್ನೆ ನಾನು ಪೇಪರು ತರಲು ಹೋಗುವಾಗಲೂ ಹೇಳುತ್ತಿದ್ದರು: "ಗ್ಯಾಸ್. ನಲ್ಲಿ. ಇಸ್ತ್ರಿ. ಡ್ರೈವರ್." ಪೇಪರು ತಂದು, ಕಟ್ಟೆಯಲ್ಲಿ ಹೆಡ್‌ಮಾಸ್ಟರ ಜೊತೆ ಹರಟಿ, ಬಿಸಿಲೇರಿದ ಮೇಲೆ ವಾಪಸ್ ಬಂದೆ. ಅಕ್ಕ ಅದೇ ಮೆಟ್ಟಿಲ ಮೇಲೆ, ಖಾಲಿ ಚೀಲವನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದರು.

"ಯಾಕಕ್ಕಾ, ಇನ್ನೂ ಹೊರಡಲಿಲ್ವಾ?" ಎಂದೆ.

"ರೈಟ್ ಬಂದಿಲ್ಲ," ಎಂದರು.